ಬೀಜ ಕೇಳುವಾಗ ಮಳೆಯನ್ನೂ ಕೇಳು

ಕರಾವಳಿಯಿಂದ ತಂದ ಅಲಸಂದೆ ನಂಜನಗೂಡಿನ ಹೊಲದಲ್ಲಿ ಬರೀ ಬಳ್ಳಿ ಹಬ್ಬಿತು, ಕಾಯಿ ಕಟ್ಟಲಿಲ್ಲ, ತಳಿಯೇ ಸರಿಯಿಲ್ಲ ಅಂತ ಫೋನಿನಲ್ಲಿ ಹೇಳಿದೆಯಲ್ಲ ಮಗಳೇ, ಅಷ್ಟು ಬೇಗ ತೀರ್ಪು ಕೊಡಬೇಡ. ಬೀಜ ಕೊಟ್ಟವರನ್ನು ಯಾವ ಮಳೆಗೆ ಬಿತ್ತುತ್ತೀರಿ ಅಂತ ಕೇಳಿದ್ದೆಯಾ?

ಅಲಸಂದೆಗೆ ಹಗಲಿನ ಲೆಕ್ಕ ಗೊತ್ತು. ನಾಟಿ ತಳಿಗಳಲ್ಲಿ ಹಲವು, ಹಗಲು ಕುಗ್ಗುವ ತನಕ ಹೂವಿಗೆ ಬರುವುದೇ ಇಲ್ಲ. ನಮ್ಮ ಸೀಮೆಯಲ್ಲಿ ಜೂನ್ ಹಗಲು ಡಿಸೆಂಬರಿನದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಗಂಟೆ ಉದ್ದ. ಕರಾವಳಿಯವರು ಕಾಳಿನ ಅಲಸಂದೆಯನ್ನು ಭತ್ತ ಕೊಯ್ದ ಗದ್ದೆಯಲ್ಲಿ, ಉಳಿದ ತೇವದ ಮೇಲೆ, ಚಳಿಗಾಲಕ್ಕೆ ಹಾಕುತ್ತಾರೆ. ಮಳೆಗಾಲದಲ್ಲಿ ಚಪ್ಪರಕ್ಕೆ ಹಬ್ಬಿಸುವುದು ಮೊಳದುದ್ದದ ತರಕಾರಿ ಅಲಸಂಡೆಯನ್ನು. ಆ ಜಡಿಮಳೆಯಲ್ಲಿ ಕಾಳು ಒಣಗುವುದುಂಟೇ? ಮೈಸೂರು, ಚಾಮರಾಜನಗರದ ಕಡೆಯವರು ಭರಣಿ, ಕೃತ್ತಿಕೆ ಮಳೆ ಬಿದ್ದೊಡನೆ ಬಿತ್ತಿ, ಮುಂದಿನ ಬೆಳೆಗೆ ಹೊಲ ಬಿಡಿಸಿಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಉದ್ದ ಹಗಲಿನಲ್ಲೂ ಹೂ ಬಿಡುವ ಬೀಜ. ಚಳಿಗಾಲದ್ದನ್ನು ತಂದು ನೀನು ಮೇ ತಿಂಗಳಲ್ಲಿ ಊರಿದರೆ ಅದು ಬಳ್ಳಿ ಹಬ್ಬದೆ ಇನ್ನೇನು ಮಾಡೀತು?

ತಪ್ಪೆಲ್ಲ ಹಗಲಿನದೇ ಅನ್ನುವುದಿಲ್ಲ. ಗೊಬ್ಬರ ಜಾಸ್ತಿ ಸುರಿದಿದ್ದರೂ ಹೀಗೇ ಆಗುತ್ತದೆ. ಬೇರಿನ ಗಂಟಿನಲ್ಲೇ ಸಾರಜನಕ ಕಟ್ಟಿಕೊಳ್ಳುವ ಗಿಡಕ್ಕೆ ಮತ್ತೆ ಉಣಿಸಿದರೆ ಸೊಪ್ಪೇ ಗತಿ. ರಾತ್ರಿಯ ಸೆಕೆ ಇಳಿಯದಿದ್ದರೆ ಬಂದ ಹೂವೂ ಉದುರೀತು. (ಮನೆಯಲ್ಲಿ ದನ ಇದ್ದವರು ಆ ಸೊಪ್ಪನ್ನು ನಷ್ಟ ಅನ್ನುವುದಿಲ್ಲ, ಬಿಡು.)

ಹೋಲಿಸಲೇಬೇಕೆಂದರೆ ಹೀಗೆ ಮಾಡು. ತಂದ ಬೀಜದ ಪಕ್ಕದಲ್ಲೇ ನಿಮ್ಮೂರಿನ ಹಳೇ ಬೀಜವೂ ಇರಲಿ; ಅದಿಲ್ಲದೆ ಹೆಚ್ಚು ಬಂತು, ಕಡಿಮೆ ಬಂತು ಅನ್ನುವುದಕ್ಕೆ ಅರ್ಥವಿಲ್ಲ. ಎರಡನ್ನೂ ಕೃತ್ತಿಕೆಗೆ ಒಂದು ಸಾಲು, ಉತ್ತರೆ ಮಳೆಗೆ ಒಂದು ಸಾಲು ಹಾಕು. ಕೊನೆಗೆ ಸಿಕ್ಕ ಸೇರಿನ ಲೆಕ್ಕವೊಂದೇ ಬರೆದರೆ ಸಾಲದು, ಮೊದಲ ಹೂ ಕಂಡ ದಿನವನ್ನೂ ಬರೆದಿಡು. ಎರಡೂ ಬಿತ್ತನೆಗೆ ಒಂದೇ ಸಮನಾಗಿ ಹೂ ಬಿಡುವುದು ಯಾವುದು, ಹಗಲು ಕುಗ್ಗಲಿ ಎಂದು ಕಾಯುವುದು ಯಾವುದು, ನಿನಗೇ ಕಾಣುತ್ತದೆ.

ತನ್ನ ಹೂವಿನಲ್ಲೇ ಪರಾಗ ಸೇರಿಸಿಕೊಳ್ಳುವ ಗಿಡವಾದ್ದರಿಂದ ಸಾಲುಗಳು ಪಕ್ಕಪಕ್ಕ ಇದ್ದರೂ ಬೆರಕೆಯ ಭಯ ಅಷ್ಟಾಗಿ ಇಲ್ಲ. ಭಯ ನುಸಿಯದು. ಉಳಿದ ಬೀಜವನ್ನು ಚೆನ್ನಾಗಿ ಒಣಗಿಸಿ, ಬೂದಿಯಲ್ಲಿ ಕಲಸಿ, ಉತ್ತರೆಯ ತನಕ ಡಬ್ಬಿಯಲ್ಲಿ ಭದ್ರವಾಗಿಡು.