ಕೂಸು ನೋಡಲು ಹೊರಡುವ ಮುನ್ನ

ಹೆರಿಗೆಯಾದ ಸುದ್ದಿ ಬಂದದ್ದೇ ತಡ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಟಂಟಂ ತುಂಬ ಬಂಧುಗಳು ಆಸ್ಪತ್ರೆ ಮುಂದೆ ಇಳಿಯುತ್ತಾರೆ. ಮಂಚದ ಸುತ್ತ ಏಳೆಂಟು ಮಂದಿ ನಿಂತರೆ ಬಾಣಂತಿ ಕೂಸಿಗೆ ಹಾಲೂಡಿಸುವುದು ಹೇಗೆ? ಪಕ್ಕದ ಮಂಚದಾಕೆ ಹೊಲಿಗೆಯ ನೋವಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ, ಪಾಪ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಹೊತ್ತಿಗೆ ಅವ್ವನೋ ಅತ್ತೆಯೋ, ಹೆತ್ತ ಅನುಭವವುಳ್ಳ ಒಬ್ಬಾಕೆ ಜೊತೆಗಿರಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿದೆ. ಆ ಅವಕಾಶವನ್ನು ಕೇಳಿ ಪಡೆಯಿರಿ. ಉಳಿದವರು ಕೊಪ್ಪಳಕ್ಕಾಗಲಿ, ಗಂಗಾವತಿಗಾಗಲಿ ಭೇಟಿಯ ವೇಳೆ ವಿಚಾರಿಸಿಯೇ ಹೊರಡಿ. ಇಬ್ಬಿಬ್ಬರಾಗಿ ಒಳಗೆ ಹೋಗಿ, ಸೋಪು ಹಚ್ಚಿ ಕೈ ತೊಳೆಯಿರಿ. ನೆಗಡಿ, ಕೆಮ್ಮು ಇದ್ದವರು ಹೋಗಲೇಬೇಡಿ. ಕೂಸಿನ ಬಾಯಿಗೆ ಜೇನು, ಬೆಲ್ಲದ ನೀರು ಹಾಕಬೇಡಿ. ಆರು ತಿಂಗಳು ತಾಯಿಹಾಲೇ ಸಾಕು. ಅಂಟಿನುಂಡಿಯ ಡಬ್ಬಿಯನ್ನು ಬಾಣಂತಿ ಮನೆಗೆ ಬಂದ ಮೇಲೆ ಕೊಡಿ.