ಔಷಧವನ್ನು ಒಡೆಯುವ ಕಿಣ್ವಗಳು: ಬ್ಯಾಕ್ಟೀರಿಯಗಳಲ್ಲಿ ಅವುಗಳ ನಿಯಂತ್ರಣ

ಪೆನಿಸಿಲಿನ್ ಆಸ್ಪತ್ರೆಗಳಲ್ಲಿ ಬಳಕೆಗೆ ಬರುವ ಮುನ್ನವೇ, ೧೯೪೦ರಲ್ಲಿ, ಆಕ್ಸ್‌ಫರ್ಡಿನ ಏಬ್ರಹಾಂ ಮತ್ತು ಚೇನ್ ಎಂಬ ವಿಜ್ಞಾನಿಗಳು ಎಚ್ಚರಿಕೆಯ ಸಂಗತಿಯೊಂದನ್ನು ಪ್ರಕಟಿಸಿದರು. ಕೆಲವು ಬ್ಯಾಕ್ಟೀರಿಯಗಳಲ್ಲಿ ಪೆನಿಸಿಲಿನ್ನನ್ನು ನಾಶಪಡಿಸುವ ಕಿಣ್ವವಿದೆ ಎಂಬುದೇ ಆ ಸಂಗತಿ. ಪೆನಿಸಿಲಿನ್ ಮತ್ತು ಸೆಫಲೋಸ್ಪೊರಿನ್ ಔಷಧಗಳ ಅಣುವಿನಲ್ಲಿ ಬೀಟಾ-ಲ್ಯಾಕ್ಟಮ್ ಎಂಬ ನಾಲ್ಕು ಪರಮಾಣುಗಳ ಉಂಗುರವಿದೆ. ಬ್ಯಾಕ್ಟೀರಿಯದ ಕೋಶಭಿತ್ತಿಯ ರಚನೆಯನ್ನು ತಡೆಯುವ ಶಕ್ತಿ ಇರುವುದು ಈ ಉಂಗುರದಲ್ಲಿಯೇ. ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವಗಳು ಉಂಗುರವನ್ನು ಒಡೆಯುತ್ತವೆ; ಔಷಧ ನಿಷ್ಫಲವಾಗುತ್ತದೆ.

ಬ್ಯಾಕ್ಟೀರಿಯ ಈ ಕಿಣ್ವವನ್ನು ಸದಾಕಾಲ ತಯಾರಿಸುತ್ತಿರುತ್ತದೆಯೇ? ಪ್ರೋಟೀನಿನ ತಯಾರಿಕೆಗೆ ಶಕ್ತಿಯೂ ಸಾಮಗ್ರಿಯೂ ವೆಚ್ಚವಾಗುತ್ತವೆ. ಆದುದರಿಂದ ಹಲವು ಬ್ಯಾಕ್ಟೀರಿಯಗಳು ಅಗತ್ಯ ಒದಗಿದಾಗ ಮಾತ್ರ ಅದನ್ನು ಹೇರಳವಾಗಿ ತಯಾರಿಸುತ್ತವೆ. ಜೀನುಗಳಿಗೆ ಇಂತಹ ಹತೋಟಿಯಿರುವುದನ್ನು ಪ್ಯಾರಿಸ್ಸಿನ ಜಾಕೊಬ್ ಮತ್ತು ಮೊನೊ ೧೯೬೧ರಲ್ಲಿ ನಿರೂಪಿಸಿದರು. ೧೯೬೫ರಲ್ಲಿ ಲ್ವಾಫ್ ಅವರೊಡನೆ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಕೆರೆಗಳ ಸೀಮೆಯಾದ ಅಮೃತಹಳ್ಳಿ, ಜಕ್ಕೂರು, ಹೆಬ್ಬಾಳಗಳ ಕಡೆಯವರಿಗೆ ಈ ತತ್ತ್ವ ಸುಲಭವಾಗಿ ಮನವರಿಕೆಯಾದೀತು. ಕೆರೆ ತುಂಬಿದ್ದರೂ ತೂಬು ಮುಚ್ಚಿರುವವರೆಗೆ ನೀರು ಗದ್ದೆಗೆ ಹರಿಯದು. ಬೇಡಿಕೆ ಬಂದಾಗ ನೀರುಗಂಟಿ ತೂಬನ್ನು ತೆರೆಯುತ್ತಿದ್ದನು. ಇಲ್ಲಿ ಜೀನು ಕೆರೆಯಂತೆ, ಕಿಣ್ವ ಕಾಲುವೆಯ ನೀರಿನಂತೆ. ಜೀನಿನ ಮುಂಭಾಗಕ್ಕೆ ಅಂಟಿ ಅದನ್ನು ತಡೆದಿರುವ ಪ್ರೋಟೀನು ತೂಬಿನ ಬಿರಡೆಯಂತೆ.

ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯದಲ್ಲಿ ಈ ಏರ್ಪಾಡು ಸ್ಪಷ್ಟವಾಗಿದೆ. ಮನುಷ್ಯರಿಗೆ ಕೀವುಗುಳ್ಳೆಯನ್ನೂ ಹಸುಗಳಿಗೆ ಕೆಚ್ಚಲು ಬಾವನ್ನೂ ತರಬಲ್ಲ ಜೀವಿಯಿದು. ೧೯೫೮ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಪಶುವೈದ್ಯ ಕಾಲೇಜಿನಲ್ಲಿ ಕಲಿತವರಿಗೆ ಚಿರಪರಿಚಿತವಾದುದು. ಅದರ ಕಿಣ್ವದ ಜೀನಿಗೆ ಬ್ಲಾ-ಝಡ್ ಎಂದು ಹೆಸರು. ಬ್ಲಾ-ಐ ಎಂಬ ಪ್ರೋಟೀನು ಬಿರಡೆಯಾಗಿ ಕುಳಿತಿರುತ್ತದೆ. ಕೋಶಪೊರೆಯಲ್ಲಿ ಬ್ಲಾ-ಆರ್-೧ ಎಂಬ ಕಾವಲುಗಾರನಿದ್ದಾನೆ. ಪೆನಿಸಿಲಿನ್ ಬಂದು ಇದರ ಹೊರಭಾಗಕ್ಕೆ ಅಂಟಿದೊಡನೆ ಒಳಭಾಗ ಚುರುಕುಗೊಂಡು ಬ್ಲಾ-ಐ ತುಂಡಾಗುವಂತೆ ಮಾಡುತ್ತದೆ. ಬಿರಡೆ ಕಳಚಿತು, ಕಿಣ್ವ ಹರಿಯತೊಡಗಿತು. ಔಷಧ ತೀರಿದ ಮೇಲೆ ಹೊಸ ಬ್ಲಾ-ಐ ತನ್ನ ಸ್ಥಾನವನ್ನು ಸೇರಿ ತೂಬು ಮತ್ತೆ ಮುಚ್ಚುತ್ತದೆ. ಈ ಜೀನುಗಳು ಅನೇಕ ವೇಳೆ ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆಯ ಮೇಲಿದ್ದು, ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ದಾಟಬಲ್ಲವು.

ಎಂಟೆರೊಬ್ಯಾಕ್ಟರ್‌ನ ಕ್ರಮ ಬೇರೆ. ಈ ಬ್ಯಾಕ್ಟೀರಿಯ ತನ್ನ ಕೋಶಭಿತ್ತಿಯ ಚೂರುಗಳನ್ನು ಒಳಕ್ಕೆ ತಂದು ಮರುಬಳಕೆ ಮಾಡುತ್ತದೆ. ಕೆಲವು ಔಷಧಗಳಿಂದ ಭಿತ್ತಿ ಕೆಟ್ಟಾಗ ಚೂರುಗಳು ಒಳಗೆ ರಾಶಿಬಿದ್ದು, ಆಂಪ್-ಆರ್ ಎಂಬ ಪ್ರೋಟೀನಿಗೆ ಸುದ್ದಿ ಮುಟ್ಟಿ, ಆಂಪ್-ಸಿ ಎಂಬ ಕಿಣ್ವದ ಜೀನು ತೆರೆಯುತ್ತದೆ. ಚೂರುಗಳನ್ನು ಕರಗಿಸಿ ಸುದ್ದಿಯನ್ನು ಅಳಿಸುವುದು ಆಂಪ್-ಡಿ ಎಂಬ ಇನ್ನೊಂದು ಕಿಣ್ವದ ಕೆಲಸ. ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಲ್ಲಿ ಎಲ್ಲೋ ಒಂದರಲ್ಲಿ ಆಕಸ್ಮಿಕವಾಗಿ ಆಂಪ್-ಡಿ ಜೀನು ಕೆಟ್ಟಿರುತ್ತದೆ. ಅಲ್ಲಿ ಸುದ್ದಿ ಅಳಿಯದು. ಔಷಧವಿಲ್ಲದಿದ್ದರೂ ತೂಬು ತೆರೆದೇ ಇರುತ್ತದೆ. ಇಂತಹ ಸೋಂಕಿಗೆ ಕೆಲವು ಸೆಫಲೋಸ್ಪೊರಿನ್‌ಗಳನ್ನು ಕೊಟ್ಟಾಗ ಉಳಿದವು ಸತ್ತು, ಈ ಕೆಲವು ಉಳಿದು ಬೆಳೆಯಬಹುದು. ಗುಣಮುಖನಾಗುತ್ತಿದ್ದ ರೋಗಿ ಚಿಕಿತ್ಸೆಯ ನಡುವೆಯೇ ಮತ್ತೆ ಹದಗೆಡುವುದಕ್ಕೆ ಇದೊಂದು ಕಾರಣ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು: ಈ ವ್ಯತ್ಯಾಸವನ್ನು ಔಷಧ ಹುಟ್ಟಿಸಲಿಲ್ಲ, ಮೊದಲೇ ಇದ್ದುದನ್ನು ಅದು ಆರಿಸಿತು.

ಹೀಗಿರುವುದರಿಂದ ಅನಗತ್ಯವಾಗಿ ನುಂಗಿದ ಪ್ರತಿಯೊಂದು ಗುಳಿಗೆಯೂ ನಿರೋಧಕ ಜೀವಿಗಳಿಗೆ ಎಡೆಮಾಡಿಕೊಟ್ಟಂತೆಯೇ. ನೆಗಡಿ ವೈರಸ್ಸಿನಿಂದ ಬರುವಂಥದು. ಅದಕ್ಕೆ ಈ ಔಷಧಗಳಿಂದ ಪ್ರಯೋಜನವಿಲ್ಲ. ಪಶುಪಾಲನೆಯಲ್ಲಿಯೂ ಈ ವಿವೇಕ ಬೇಕು. ಮನುಷ್ಯರಿಗೆ ಕೊನೆಯ ಆಸರೆಗಳಲ್ಲೊಂದಾದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಭಾರತ ಸರ್ಕಾರ ೨೦೧೯ರಲ್ಲಿ ನಿಷೇಧಿಸಿತು. ಅತಿಯಾದರೆ ಅಮೃತವೂ ವಿಷವೆಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಸತ್ಯ. ವೈದ್ಯರು ಹೇಳಿದ ಔಷಧವನ್ನು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಮಾತ್ರ ಸೇವಿಸುವ ಶಿಸ್ತನ್ನು ಉಪಾಧ್ಯಾಯರು ವಿದ್ಯಾರ್ಥಿಗಳಲ್ಲಿಯೂ, ಅವರ ಮೂಲಕ ಮನೆಗಳಲ್ಲಿಯೂ ಬೆಳೆಸಿದರೆ, ಮುಂದಿನ ಪೀಳಿಗೆಯ ರೋಗಿಗೆ ಈ ಔಷಧಗಳು ಉಳಿದಾವು.