ಊರ ನಾಯಿಯ ಲಾಡಿಹುಳು: ಕಾಡುಪ್ರಾಣಿಗೂ ಕಂಟಕ

ಗುಂಡ್ಲುಪೇಟೆ ಮತ್ತು ಚಾಮರಾಜನಗರದ ಕಾಡಂಚಿನ ಹಳ್ಳಿಗಳಲ್ಲಿ ದನ, ಕುರಿ, ಮೇಕೆಗಳು ಮೇಯುವ ಜಾಗದಲ್ಲೇ ಜಿಂಕೆ, ಕಡವೆ, ಕಾಟಿಗಳೂ ಮೇಯುತ್ತವೆ. ಆದ್ದರಿಂದ ಊರಿನ ರೋಗ ಕಾಡಿಗೆ ದಾಟುವುದು ಸುಲಭ. 1968ರಲ್ಲಿ ಬಂಡೀಪುರ ಹಾಗೂ ನೆರೆಯ ಮುದುಮಲೆ ಕಾಡುಗಳಲ್ಲಿ ದನಗಳ ದೊಡ್ಡರೋಗ ಹರಡಿ ಕಾಟಿಗಳು ಬಹುಸಂಖ್ಯೆಯಲ್ಲಿ ಸತ್ತವು. ಲಸಿಕೆಯ ಫಲವಾಗಿ ಆ ರೋಗ ಪ್ರಪಂಚದಿಂದಲೇ ಅಳಿಯಿತೆಂದು 2011ರಲ್ಲಿ ಘೋಷಿಸಲಾಯಿತು. ಆದರೆ ಸದ್ದಿಲ್ಲದೆ ದಾಟಬಲ್ಲ ಇನ್ನೊಂದು ಪಿಡುಗು ಉಳಿದಿದೆ. ಅದು ಎಕಿನೊಕಾಕಸ್ ಎಂಬ ಲಾಡಿಹುಳು.

ಹುಳುವಿನ ಜೀವನಚಕ್ರ

ಕೆಲವೇ ಮಿಲಿಮೀಟರ್ ಉದ್ದದ ಈ ಹುಳು ನಾಯಿಯ ಕರುಳಿನಲ್ಲಿರುತ್ತದೆ. ನಾಯಿ ಮಾತ್ರ ಆರೋಗ್ಯವಾಗಿಯೇ ಕಾಣುತ್ತದೆ. ಮಲದೊಡನೆ ಹೊರಬಿದ್ದ ಮೊಟ್ಟೆಗಳು ಹುಲ್ಲು, ನೀರಿನ ಮೂಲಕ ಕುರಿ, ಮೇಕೆ, ದನಗಳ ಹೊಟ್ಟೆ ಸೇರಿ, ಕಾರ್ಜ ಮತ್ತು ಶ್ವಾಸಕೋಶಗಳಲ್ಲಿ ನೀರುಗುಳ್ಳೆಗಳಾಗಿ ಬೆಳೆಯುತ್ತವೆ. ಗುಳ್ಳೆಯಿರುವ ಅಂಗವನ್ನು ನಾಯಿ ಹಸಿಯಾಗಿ ತಿಂದರೆ ಸುಮಾರು ಆರೇಳು ವಾರಗಳಲ್ಲಿ ಅದು ಮತ್ತೆ ಮೊಟ್ಟೆ ಹರಡತೊಡಗುತ್ತದೆ. ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೂ ಗುಳ್ಳೆ ಬೆಳೆಯುತ್ತದೆ. ಎಷ್ಟೋ ವೇಳೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಆಸ್ಟ್ರೇಲಿಯದ ಪಾಠ

ಯೂರೋಪಿಯನ್ನರು ಕುರಿ, ನಾಯಿಗಳೊಡನೆ ಈ ಹುಳುವನ್ನು ಆಸ್ಟ್ರೇಲಿಯಕ್ಕೆ ಒಯ್ದರು. ಅಲ್ಲಿ ಅದು ಡಿಂಗೊ ಎಂಬ ಕಾಡುನಾಯಿಯಲ್ಲೂ, ಕಾಂಗರೂ ಮತ್ತು ಅದರ ಜಾತಿಯ ಚಿಕ್ಕ ಪ್ರಾಣಿ ವಾಲಬಿಯಲ್ಲೂ ನೆಲೆಸಿತು. ಶ್ವಾಸಕೋಶದಲ್ಲಿ ಗುಳ್ಳೆ ತುಂಬಿದ ವಾಲಬಿ ಓಡಲಾರದೆ ಬೇಟೆಗೆ ಸಿಕ್ಕಿಬೀಳುತ್ತದೆ. ಕಾಡು ಸೇರಿದ ಹುಳುವನ್ನು ಅಲ್ಲಿಂದ ಕೀಳಲಾಗಿಲ್ಲ. ಡಿಂಗೊ ಇಲ್ಲದ ಟಾಸ್ಮೇನಿಯ ದ್ವೀಪದಲ್ಲಿ, 1960ರ ದಶಕದಿಂದ ನಾಯಿಗಳನ್ನು ಹತೋಟಿಯಲ್ಲಿಟ್ಟು, 1996ರಲ್ಲಿ ರೋಗ ತಾತ್ಕಾಲಿಕವಾಗಿ ನಿವಾರಣೆಯಾಯಿತೆಂದು ಘೋಷಿಸಲಾಯಿತು.

ಬಂಡೀಪುರದಲ್ಲಿ ಡಿಂಗೊವಿನ ಸ್ಥಾನದಲ್ಲಿ ಸೀಳುನಾಯಿ, ವಾಲಬಿಯ ಸ್ಥಾನದಲ್ಲಿ ಜಿಂಕೆ ಇವೆ. ಸರಪಣಿಯನ್ನು ಊರಿನಲ್ಲೇ ಕಡಿಯುವುದು ಜಾಣತನ.

ರೈತರು ಅನುಸರಿಸಬೇಕಾದ ಕ್ರಮಗಳು

1. ಕುರಿ, ಮೇಕೆ ಕೊಯ್ದಾಗ ಹಸಿ ಕಾರ್ಜ, ಶ್ವಾಸಕೋಶಗಳನ್ನು ನಾಯಿಗೆ ಹಾಕಬಾರದು. ಗುಳ್ಳೆ ಕಂಡ ಅಂಗವನ್ನು ಸುಡಬೇಕು, ಇಲ್ಲವೇ ನಾಯಿ ಕೆದಕಲಾಗದಷ್ಟು ಆಳದಲ್ಲಿ ಹೂಳಬೇಕು.

2. ಸತ್ತ ದನ, ಕುರಿಗಳನ್ನು ಬಯಲಿನಲ್ಲಿ ಎಸೆಯಬಾರದು.

3. ಪಶುವೈದ್ಯರ ಸಲಹೆಯಂತೆ ನಾಯಿಯ ತೂಕಕ್ಕೆ ತಕ್ಕಷ್ಟು ಪ್ರಾಜಿಕ್ವಾಂಟೆಲ್ ಔಷಧವನ್ನು ಆರು ವಾರಗಳಿಗೊಮ್ಮೆ ಕೊಡಿಸಬೇಕು. ಔಷಧ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಆದ್ದರಿಂದ ಔಷಧ ಕೊಟ್ಟ ಮೇಲೆ ನಾಯಿಯನ್ನು ಕಟ್ಟಿಹಾಕಿ, ಮಲವನ್ನು ಸುಡಬೇಕು ಅಥವಾ ಹೂಳಬೇಕು.

4. ದನಗಾಹಿಗಳೊಡನೆ ನಾಯಿಯನ್ನು ಕಾಡಿಗೆ ಬಿಡಬಾರದು.

5. ನಾಯಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬೇಕು.

ಒಬ್ಬರ ಮನೆಯ ನಾಯಿಗೆ ಮಾತ್ರ ಔಷಧ ಕೊಟ್ಟರೆ ಸಾಲದು. ಇಡೀ ಊರು ಒಂದೇ ದಿನ ಈ ಕೆಲಸ ಮಾಡಿದರೆ ಮಂದೆಗೂ, ಮಕ್ಕಳಿಗೂ, ಕಾಡಿಗೂ ಕ್ಷೇಮ.